ಲೋಕ ಹುಟ್ಟಿದಂದಿನಿಂದ ಈ ದಿನದವರೆಗೆ

ಕಳೆದ ತಿಂಗಳು ನಮ್ಮ ಸೀನಿಯರ್ ತೀರಿಕೊಂಡದ್ದಕ್ಕೆ ಹೈಕೋರ್ಟಿನ ಹತ್ತಿರದ ಒಂದು ಹಾಲ್‌ನಲ್ಲಿ ವಕೀಲರೆಲ್ಲ ಸೇರಿ ಸಂತಾಪಸಭೆ ನಡೆಸಿದರು. ಮಾತಾಡಿದವರೆಲ್ಲ ಅವರನ್ನು ಅಜಾತಶತ್ರು ಎಂದರು. ಮೊದಲನೆಯವರು ಅಂದಾಗ ನಾನು ಸುಮ್ಮನಿದ್ದೆ. ಎರಡನೆಯವರೂ ಅದನ್ನೇ ಅಂದಾಗ ತಡೆಯಲಾರದೆ ತಿರುಗಿ ಕೊನೆಯ ಸಾಲಿನ ಕಡೆ ನೋಡಿದೆ. ಅಲ್ಲಿ ಫ್ಯಾನಿನ ಕೆಳಗೆ, ಕಿವಿಯ ಯಂತ್ರವನ್ನು ತಿರುವಿಕೊಳ್ಳುತ್ತ, ಸೀನಿಯರ್ ಅವರ ಸ್ವಂತ ತಮ್ಮ ಕುಳಿತಿದ್ದರು. ಅಜಾತಶತ್ರು ಎಂಬ ಮಾತು ಬಂದಾಗಲೆಲ್ಲ ಅಲ್ಲ ಅಲ್ಲ ಎಂದು ತಲೆಯಾಡಿಸುತ್ತಿದ್ದರು. ಬಹುಕಾಲ ನ್ಯಾಯವಾಗಿ ತಮ್ಮದಾಗಿದ್ದ ಒಂದು ಸ್ಥಾನವನ್ನು ಹೇಳದೆ ಕೇಳದೆ ಕಿತ್ತುಕೊಂಡರೆ ಯಾರಿಗಾದರೂ ಬೇಜಾರಾಗುತ್ತದೆ.

ಸಭೆಯಲ್ಲಿ ಅವರ ಪಾಂಡಿತ್ಯ, ಅವರ ಇಂಗ್ಲಿಷು, ಅವರ ಶಿಸ್ತು ಎಲ್ಲದರ ಮಾತೂ ಬಂತು. ಟಿಫನ್ ಕ್ಯಾರಿಯರಿನ ಬಗ್ಗೆ ಯಾರೂ ಹೇಳಲಿಲ್ಲ. ಬಾವಿಯ ವಿಷಯವಂತೂ ಅಲ್ಲಿ ನನಗೆ ಮತ್ತು ಕೊನೆಯ ಸಾಲಿನವರಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಂಡ್ಯದವಳು. ಮೈಸೂರಿನಲ್ಲಿ ಕಾನೂನು ಓದಿ, ಮದುವೆಯಾಗಿ ಇಲ್ಲಿಗೆ ಬಂದೆ. ಮದರಾಸು ಆಗಷ್ಟೇ ಚೆನ್ನೈ ಆಗಿತ್ತು. ಗಂಡನಿಗೆ ಮಣಲಿಯ ಎಣ್ಣೆ ಕಾರ್ಖಾನೆಯಲ್ಲಿ ಕೆಲಸ. ಅಣ್ಣಾ ನಗರದ ಬಾಡಿಗೆ ಮನೆಯಿಂದ ಬೆಳಿಗ್ಗೆ ಅವರು ಕಂಪನಿ ಬಸ್ಸು ಹತ್ತಿದರೆ ಸಂಜೆಯವರೆಗೆ ನಾನು ಫ್ರಿಜ್ಜಿನ ಜೊತೆ ಮಾತಾಡಬೇಕು. ಹೀಗಿರುವಾಗ ಕನ್ನಡದವರು ಸೇರುವ ಒಂದು ಗಣೇಶನ ಹಬ್ಬದಲ್ಲಿ ಒಬ್ಬರು ಮಾಮಿ ಪರಿಚಯವಾದರು. ನನ್ನ ಗೋಳು ಕೇಳಿ, ನಮ್ಮ ಮನೆಯವರೂ ವಕೀಲರೇ, ಹೋಗಿ ನೋಡು ಎಂದರು.

ಹೋಗಿ ನೋಡಿದೆ. ತಂಬುಚೆಟ್ಟಿ ಬೀದಿಯ ಒಂದು ಹಳೆಯ ಮಹಡಿಯ ಮೇಲೆ ಒಂದೇ ಕೋಣೆ. ಒಂದು ಮೇಜು, ಒಂದು ಕಪಾಟು, ಕಕ್ಷಿದಾರರು ಕೂರಲು ಒಂದೇ ಒಂದು ಬೆಂಚು. ಮೇಜಿನ ಹಿಂದೆ ಕುಳಿತಿದ್ದ ಸೀನಿಯರ್ ತಮಿಳು ಬರುತ್ತಾ ಎಂದು ಕೇಳಿದರು. ಬರುವುದಿಲ್ಲ ಎಂದು ತಲೆ ತಗ್ಗಿಸಿದೆ.

“ಒಳ್ಳೇದೇ ಆಯ್ತು. ಪಾರ್ಟಿ ಹೇಳಿದ್ದು ಅರ್ಥ ಆಗ್ಲಿಲ್ಲ ಅಂದ್ರೆ ಮತ್ತೆ ಕೇಳ್ತೀಯ. ಇಲ್ಲಿರೋರೆಲ್ಲ ಒಂದೇ ಸಲಕ್ಕೆ ಅರ್ಥ ಮಾಡ್ಕೊಂಡುಬಿಡ್ತಾರಮ್ಮಾ, ಅದೇ ತೊಂದರೆ” ಎಂದರು.

ಅವರದು ತಲೆಮಾರುಗಳಿಂದ ಮದರಾಸಿನಲ್ಲಿ ನೆಲೆಸಿದ ಮಾಧ್ವರ ಮನೆತನ. ಮನೆಯಲ್ಲಿ ಕನ್ನಡವೇ, ಆದರೆ ಆ ಕನ್ನಡ ಊರೆಲ್ಲ ಸುತ್ತಿ ಬಂದ ಕನ್ನಡ. ಸುಮ್ಮನೆ ಎನ್ನಲು ಚುಮ್ಮಾ, ಸ್ವಲ್ಪ ಎನ್ನಲು ಕೊಂಜಂ. ನನ್ನ ಮಂಡ್ಯದ ಮಾತು ಕೇಳಿದರೆ ಅವರು ಕಣ್ಣು ಮುಚ್ಚಿಕೊಂಡು, ಎಷ್ಟು ಶುದ್ಧ ಎಂದು ತಲೆದೂಗುತ್ತಿದ್ದರು. ನನ್ನ ಮಾತನ್ನು ಶುದ್ಧ ಎಂದವರು ನನ್ನ ಜೀವಮಾನದಲ್ಲಿ ಅವರೊಬ್ಬರೇ.

ಟಿಫನ್ ಕ್ಯಾರಿಯರಿನ ವಿಷಯ ಹೇಳಿಬಿಡುತ್ತೇನೆ. ಕೋರ್ಟಿನಲ್ಲಿ ವಕೀಲರು ಕೊರಳಿಗೆ ಕಟ್ಟುವ ಬಿಳಿಯ ಪಟ್ಟಿಯನ್ನು ಅವರು ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಹಾಕಿಕೊಂಡು ಬರುತ್ತಿದ್ದರು. ಬೇರೆಲ್ಲಿಟ್ಟರೂ ಕಳೆದುಹೋಗುತ್ತದೆ, ಊಟವನ್ನಾದರೆ ಯಾರೂ ಮರೆಯುವುದಿಲ್ಲ ಎಂಬುದು ಅವರ ಸಮರ್ಥನೆ. ಹೀಗಾಗಿ ಅವರು ವಾದಕ್ಕೆ ಎದ್ದು ನಿಂತರೆ ಅಂದು ಅವರ ಮನೆಯಲ್ಲಿ ಪುಳಿಯೋಗರೆಯೋ ನಿಂಬೆಹಣ್ಣಿನ ಚಿತ್ರಾನ್ನವೋ ಎಂದು ಮುಂದಿನ ಸಾಲಿನವರಿಗೆ ತಿಳಿಯುತ್ತಿತ್ತು. ಒಬ್ಬ ಜಡ್ಜರು ಇವರ ವಾದವಿದ್ದ ದಿನ ಊಟದ ಬಿಡುವಿಗೆ ಬೇಗನೆ ಏಳುತ್ತಾರೆಂದು ನಮ್ಮ ಗುಮಾಸ್ತರು ಆಣೆ ಮಾಡಿ ಹೇಳುತ್ತಿದ್ದರು.

ಅವರ ಮುಖ್ಯ ಕಸುಬು ರಾಜಿಪತ್ರ ಬರೆಯುವುದು. ಜಗಳವಾಡಿ ಸುಸ್ತಾದ ಅಣ್ಣತಮ್ಮಂದಿರು, ಪಾಲುದಾರರು, ಅಕ್ಕಪಕ್ಕದ ಮನೆಯವರು ಬಂದು, ಇನ್ನು ಸಾಕು, ನನ್ನದೇನಿದೆಯೋ ಬಿಟ್ಟುಕೊಡುತ್ತೇನೆ, ಅವನದೇನಿದೆಯೋ ಅವನೂ ಬಿಡಲಿ ಎಂದು ಬರೆಸಿಕೊಳ್ಳುವ ಪತ್ರ. ನನ್ನ ಮೊದಲ ಕರಡೂ ಅಂಥದ್ದೇ. ಕಪಾಟಿನಲ್ಲಿದ್ದ ಹಳೆಯ ಇಂಗ್ಲಿಷ್ ನಮೂನೆ ಪುಸ್ತಕ ತೆಗೆದು, ಅದರಲ್ಲಿದ್ದ ಅತಿ ಭಾರಿ ವಾಕ್ಯವನ್ನು ಹಾಗೇ ಇಳಿಸಿದೆ. ಲೋಕ ಹುಟ್ಟಿದಂದಿನಿಂದ ಈ ದಿನದವರೆಗೆ ಒಬ್ಬರ ಮೇಲೊಬ್ಬರಿಗೆ ಇರುವ, ಇರಬಹುದಾದ, ತಿಳಿದ, ತಿಳಿಯದ ಸಮಸ್ತ ಹಕ್ಕು, ಕೇಳಿಕೆ, ಬೇಡಿಕೆಗಳನ್ನು ಈ ಮೂಲಕ ಬಿಟ್ಟುಕೊಟ್ಟಿರುತ್ತಾರೆ ಎಂದು ಅದರ ಸಾರಾಂಶ. ಇದು ವಿಲಾಯತಿಯಿಂದ ಬಂದ ರೂಢಿ. ಟೈಪು ಮಾಡಿ ಮುಗಿಸಿದಾಗ ನನಗೇ ಮೈ ಜುಮ್ಮೆಂದಿತು.

ಅವರು ಓದಿ ಕನ್ನಡಕ ತೆಗೆದರು.

“ಲೋಕ ಹುಟ್ಟಿದಾಗ ನಿನ್ನ ಪಾರ್ಟಿ ಎಲ್ಲಿದ್ರಮ್ಮಾ?”

“ಇರ್ಲಿಲ್ಲ ಸಾರ್.”

“ಜಗಳ ಇತ್ತಾ?”

“ಇಲ್ಲ ಸಾರ್.”

“ಮತ್ತೆ ಯಾವಾಗ ಶುರುವಾಯ್ತು? ಯಾತಕ್ಕೆ? ಅದನ್ನ ಎಲ್ಲಿ ಬರ್ದಿದೀಯ?”

ಎಲ್ಲೂ ಬರೆದಿರಲಿಲ್ಲ.

“ಚುಮ್ಮಾ ದೊಡ್ಡ ದೊಡ್ಡ ಮಾತು ಹಾಕ್ಬೇಡ. ಜಗಳ ಮೊದಲು ಬರಿ. ರಾಜಿ ಆಮೇಲೆ.”

ಇದೇ ಅವರ ಕಾನೂನು. ಪತ್ರದ ಪೀಠಿಕೆಯಲ್ಲಿ ಜಗಳ ಏನೆಂದು ಕಕ್ಷಿದಾರರ ಬಾಯಿಂದ ಬಂದ ಹಾಗೆಯೇ ಬರೆಯಬೇಕು. ಇಬ್ಬರೂ ಆ ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಕೂರಬೇಕು. ಒಬ್ಬರು ಹೇಳಿದ್ದನ್ನು ಬರೆದು ಗಟ್ಟಿಯಾಗಿ ಓದುವುದು. ಇನ್ನೊಬ್ಬರು ಸುಳ್ಳು ಎಂದು ಏಳುವುದು. ಅದನ್ನೂ ಬರೆಯುವುದು, ಅದನ್ನೂ ಓದುವುದು. ರಾಜಿ ಮಾಡಿಕೊಳ್ಳಲು ಬಂದವರು ಮತ್ತೆ ಹೊಡೆದಾಡುವ ಹಂತಕ್ಕೆ ಬರುತ್ತಿದ್ದರು. ಕೆಳಗಿನ ಝೆರಾಕ್ಸ್ ಅಂಗಡಿಯವರು ಮೇಲೆ ಬಂದು ವಿಚಾರಿಸಿಕೊಂಡು ಹೋದದ್ದೂ ಉಂಟು. ಇವರು ಮಾತ್ರ ತಲೆಯೆತ್ತದೆ ಬರೆಯುತ್ತಿದ್ದರು.

ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಒಮ್ಮೆ ಸಾವಧಾನವಾಗಿ ವಿವರಿಸಿದರು. ಪತ್ರವನ್ನು ಮುಂದೆಂದೋ ಒಂದು ದಿನ ಯಾರೋ ಜಡ್ಜರು ಬಿಚ್ಚಿ ಓದುತ್ತಾರೆ. ಆ ಹೊತ್ತಿಗೆ ಇವರ ಮನಸ್ಸು ಬದಲಾಗಿರುತ್ತದೆ, ಒಬ್ಬರು ಸತ್ತಿರಲೂಬಹುದು. ಸಹಿ ಹಾಕುವಾಗ ಇಬ್ಬರ ಮನಸ್ಸಿನಲ್ಲಿ ಏನಿತ್ತು ಎಂದು ಕೋರ್ಟು ಹುಡುಕುತ್ತದೆ, ಆದರೆ ಹುಡುಕಲು ಅದರ ಕೈಯಲ್ಲಿರುವುದು ಆ ಹಾಳೆಗಳು ಮಾತ್ರ. ಅದಕ್ಕೇ ಅದು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಒಟ್ಟಾಗಿ ಓದುತ್ತದೆ. ಕೊನೆಯಲ್ಲಿ ‘ಸಮಸ್ತ ಹಕ್ಕು’ ಎಂದಿದ್ದರೂ, ಮೊದಲಿನಲ್ಲಿ ಬರೆದ ಜಗಳದ ಅಳತೆಗೆ ಅದನ್ನು ಕತ್ತರಿಸಿಕೊಳ್ಳುತ್ತದೆ. ಜಗಳವನ್ನೇ ಬರೆಯದಿದ್ದರೆ ಸಮಸ್ತ ಎಂಬುದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಹೇಳುವುದು ಕಷ್ಟ.

ಅದರ ನಿಜ ನನಗೆ ಮನದಟ್ಟಾದದ್ದು ರುಬ್ಬುವ ಯಂತ್ರದ ಮೊಕದ್ದಮೆಯಲ್ಲಿ. ಅಣ್ಣಾ ನಗರದ ಒಂದು ಮನೆ. ಕೆಳಗೆ ನಿವೃತ್ತ ಹೆಡ್ ಮಾಸ್ತರರು, ಮೇಲೆ ಒಬ್ಬ ಕಾಂಟ್ರಾಕ್ಟರು. ಮೇಲಿನವರ ಮನೆಯಲ್ಲಿ ನಸುಕಿನಲ್ಲೇ ಗ್ರೈಂಡರ್ ಹಾಕಿ ಇಡ್ಲಿಗೆ ರುಬ್ಬುತ್ತಿದ್ದರು, ಕೆಳಗಿನವರಿಗೆ ನಿದ್ದೆಯಿಲ್ಲ. ಜಗಳ ಪೊಲೀಸು ಠಾಣೆಗೆ ಹೋಗಿ ನಮ್ಮ ಬೆಂಚಿಗೆ ಬಂತು. ಸೀನಿಯರ್ ತಮ್ಮ ಪದ್ಧತಿಯಂತೆ ಎಲ್ಲವನ್ನೂ ಬರೆದರು. ಸದರಿ ಗ್ರೈಂಡರಿನ ಸದ್ದಿಗೆ ಮೊದಲನೇ ಪಾರ್ಟಿಯವರ ಮಂಚ ನಡುಗಿ ಗೋಡೆಯಿಂದ ದೂರ ಸರಿಯುತ್ತದೆಂದೂ, ಎರಡನೇ ಪಾರ್ಟಿಯವರ ಪ್ರಕಾರ ಮಂಚ ಸರಿಯುವುದು ಮೊದಲನೇ ಪಾರ್ಟಿಯವರ ಗೊರಕೆಯಿಂದೆಂದೂ, ಎರಡೂ ಪೀಠಿಕೆಯಲ್ಲಿ ಸೇರಿದವು. ಆಮೇಲೆ ರಾಜಿ. ಬೆಳಕು ಹರಿದ ಮೇಲೆ ರುಬ್ಬತಕ್ಕದ್ದು, ಇನ್ನು ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಯಾವ ತಕರಾರೂ ಇರತಕ್ಕದ್ದಲ್ಲ.

ಸ್ವಲ್ಪ ಕಾಲದ ಮೇಲೆ ಮಹಡಿಯ ನೀರಿನ ಟ್ಯಾಂಕು ಸೋರಿ ಹೆಡ್ ಮಾಸ್ತರರ ಮನೆಯ ಚಾವಣಿ ಉದುರತೊಡಗಿತು. ಕೇಳಿದರೆ ಕಾಂಟ್ರಾಕ್ಟರು ರಾಜಿಪತ್ರ ತೋರಿಸಿದರು. ಯಾವ ತಕರಾರೂ ಇಲ್ಲ ಎಂದು ನೀವೇ ಸಹಿ ಹಾಕಿದ್ದೀರಲ್ಲ ಎಂದರು. ಕೋರ್ಟಿನಲ್ಲಿ ಅವರ ವಕೀಲರು ಆ ಒಂದು ಸಾಲನ್ನು ಹಿಡಿದು ಬಹಳ ಹೊತ್ತು ವಾದಿಸಿದರು. ನಮ್ಮವರು ಎದ್ದು, ಪೀಠಿಕೆಯನ್ನು ದಯಮಾಡಿ ಓದಬೇಕು ಎಂದಷ್ಟೇ ಹೇಳಿ ಕುಳಿತರು. ಜಡ್ಜರು ಗಟ್ಟಿಯಾಗಿಯೇ ಓದಿದರು. ಮಂಚದವರೆಗೆ ಗಂಭೀರವಾಗಿದ್ದ ಕೋರ್ಟು ಗೊರಕೆಯ ಹತ್ತಿರ ಬಂದಾಗ ನಕ್ಕುಬಿಟ್ಟಿತು. ನಗು ನಿಂತ ಮೇಲೆ ಅವರು, ಇವರು ರಾಜಿಯಾದದ್ದು ಗ್ರೈಂಡರಿನ ಬಗ್ಗೆ, ಟ್ಯಾಂಕು ಆಗ ಯಾರ ಮನಸ್ಸಿನಲ್ಲೂ ಇರಲಿಲ್ಲ, ಸೋರುವುದನ್ನು ರಿಪೇರಿ ಮಾಡಿಸಿ ಎಂದರು.

ಇಂಥವರು ತಮ್ಮ ಜೀವನದಲ್ಲಿ ಪೀಠಿಕೆಯಿಲ್ಲದ ಪತ್ರವೊಂದನ್ನು ಬರೆದಿದ್ದರು. ಅದು ಸ್ವಂತ ಮನೆಯದು.

ಅವರ ಮನೆ ತಿರುವಲ್ಲಿಕ್ಕೇಣಿಯ ಒಂದು ಗಲ್ಲಿಯಲ್ಲಿತ್ತು. ಮೊದಲ ಸಲ ಹೋದಾಗ ಬೀದಿಯಿಂದ ನೋಡಿ ಗಲಿಬಿಲಿಯಾದೆ. ಒಂದೇ ಮನೆ, ಒಂದೇ ಹೆಂಚಿನ ಮಾಡು, ಎರಡು ಬಾಗಿಲು. ಒಳಗೆ ಹೋದರೆ ಜಗುಲಿಯಿಂದ ಹಿತ್ತಲವರೆಗೆ ಉದ್ದಕ್ಕೂ ಒಂದು ಗೋಡೆ. ಗೋಡೆಯ ಆಚೆ ತಮ್ಮ. ತಮ್ಮ ಗಿಂಡಿಯ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿದ್ದು ಆಗ ತಾನೇ ನಿವೃತ್ತರಾಗಿದ್ದರು. ಅಣ್ಣತಮ್ಮಂದಿರಿಗೆ ಮಾತಿಲ್ಲ.

ಕತೆಯನ್ನು ಮಾಮಿ ಹೇಳಿದರು. ಮಾವ ತೀರಿಕೊಂಡ ಮೇಲೆ ಏನೋ ಕಿತ್ತಾಟವಾಗಿ ಮನೆ ಭಾಗವಾಯಿತು. ಸೀನಿಯರ್ ಆಗಷ್ಟೇ ಕರಿಕೋಟು ಹಾಕಿದ್ದರು. ನಮ್ಮ ಮನೆಯ ಪತ್ರ ನಾನೇ ಬರೆಯುತ್ತೇನೆ ಎಂದು ಅದೇ ನಮೂನೆ ಪುಸ್ತಕ ತೆಗೆದರು. ಅಣ್ಣತಮ್ಮಂದಿರ ಜಗಳವನ್ನು ಪತ್ರದಲ್ಲಿ ಬರೆಯುವುದು ಮರ್ಯಾದಸ್ಥರಿಗೆ ತಕ್ಕುದಲ್ಲ ಎಂದು ಪೀಠಿಕೆ ಬಿಟ್ಟು, ನೇರವಾಗಿ ಲೋಕ ಹುಟ್ಟಿದಂದಿನಿಂದ ಶುರು ಮಾಡಿದರು. ಕಾರ್ಪೊರೇಷನ್ ನೀರಿನ ನಲ್ಲಿ ಅಣ್ಣನ ಭಾಗಕ್ಕೆ, ಹಿತ್ತಲ ಬಾವಿ ತಮ್ಮನ ಭಾಗಕ್ಕೆ. ಇನ್ನು ಮುಂದೆ ಒಬ್ಬರ ಭಾಗದ ಮೇಲೆ ಇನ್ನೊಬ್ಬರು ಹಕ್ಕಾಗಲಿ, ಕೇಳಿಕೆಯಾಗಲಿ, ಬೇಡಿಕೆಯಾಗಲಿ ಇಡಕೂಡದು. ಸಹಿಯಾದ ಮಾರನೆಯ ಬೆಳಿಗ್ಗೆ ತಮ್ಮ ಕೊಡ ಹಿಡಿದು ನಲ್ಲಿಯ ಹತ್ತಿರ ಬಂದರಂತೆ. ಅಣ್ಣ ಜಗುಲಿಯಲ್ಲಿ ಪೇಪರ್ ಓದುತ್ತಿದ್ದವರು ತಲೆಯೆತ್ತಿ, ಡಾಕ್ಯುಮೆಂಟ್ ಓದು ಎಂದರಂತೆ. ತಮಾಷೆಗೆ ಅಂದದ್ದು ಎಂದು ಮಾಮಿಯ ನಂಬಿಕೆ. ತಮ್ಮ ಒಳಗೆ ಹೋಗಿ ಡಾಕ್ಯುಮೆಂಟ್ ಓದಿದರು. ಯಂತ್ರದ ನಕ್ಷೆ ಓದುವವರು, ಒಂದು ಗೆರೆ ಬಿಡದೆ ಓದಿದರು. ಅಂದಿನಿಂದ ಅಣ್ಣನನ್ನು ಏನನ್ನೂ ಕೇಳಲಿಲ್ಲ, ಊಟ ಆಯಿತೇ ಎಂದು ಕೂಡ. ಅದೇ ವರ್ಷ ಗೋಡೆ ಎದ್ದಿತು.

ನೀವಿಬ್ಬರು ವಾರಗಿತ್ತಿಯರೂ ಮಾತು ಬಿಟ್ಟಿದ್ದೀರಾ ಎಂದು ಕೇಳಿದೆ.

“ನಾವ್ಯಾಕೆ ಬಿಡ್ಬೇಕು? ನಾವು ಸೈನ್ ಹಾಕ್ಲಿಲ್ವಲ್ಲ” ಎಂದರು ಮಾಮಿ. ಹಿತ್ತಲ ಗೋಡೆಯ ಮೇಲಿನಿಂದ ಕರಿಬೇವು, ಹುಳಿ, ಪಲ್ಯ, ಊರ ಸುದ್ದಿ ಎಲ್ಲವೂ ದಿನಾ ಹೋಗಿ ಬರುತ್ತಿತ್ತು.

ಅಣ್ಣತಮ್ಮಂದಿರು ಭಾಗವಾದ ಮೇಲೆ ಅಪ್ಪನ ಶ್ರಾದ್ಧವನ್ನು ಬೇರೆ ಬೇರೆ ಮಾಡಬೇಕೆಂಬುದು ಅವರಲ್ಲಿ ಕಟ್ಟಳೆ. ಹಾಗಾಗಿ ವರ್ಷಕ್ಕೊಮ್ಮೆ ಅದೇ ತಿಥಿಯಂದು ಗೋಡೆಯ ಈಚೆಗೂ ಆಚೆಗೂ ಒಬ್ಬರೇ ಅಪ್ಪನಿಗೆ ಎರಡು ಶ್ರಾದ್ಧ. ಆಚಾರ್ಯರೂ ಒಬ್ಬರೇ. ಒಂದು ಸಹಿಗೆಂದು ಆ ದಿನ ಹೋಗಿ ಜಗುಲಿಯಲ್ಲಿ ಕಾಯುತ್ತ ನಾನು ಅದನ್ನು ಕಣ್ಣಾರೆ ನೋಡಿದೆ. ಆಚಾರ್ಯರು ಈಚೆ ಸಂಕಲ್ಪ ಮಾಡಿಸಿ, ಎರಡೂ ಕೈಯಲ್ಲಿ ಪಂಚೆ ಎತ್ತಿ ಹಿಡಿದು, ಬೀದಿಗಿಳಿದು ಆಚೆಯ ಬಾಗಿಲಿಗೆ ಓಡುತ್ತಿದ್ದರು, ಅಲ್ಲಿಂದ ಮತ್ತೆ ಈಚೆಗೆ. ಕಾಗೆಗೆ ಪಿಂಡವಿಡುವ ಹೊತ್ತಿಗೆ ನಾನೂ ಹಿತ್ತಲ ಬಾಗಿಲಿಗೆ ಹೋದೆ. ಅಲ್ಲಿ ಅಣ್ಣ ಈಚೆ ಕೈಕಟ್ಟಿ ನಿಂತರು, ತಮ್ಮ ಆಚೆ ನಿಂತರು. ಕಾಗೆ ಗೋಡೆಯ ಮೇಲೆ ಕೂತು ಎರಡೂ ಕಡೆ ನೋಡಿ, ತಮ್ಮನ ಕಡೆ ಇಳಿಯಿತು. ಸೀನಿಯರ್ ಮುಖ ಸಣ್ಣದಾಯಿತು. ಅಪ್ಪನಿಗೆ ಮೊದಲಿನಿಂದಲೂ ಅವನ ಮೇಲೇ ಪ್ರೀತಿ ಎಂದು ಗೊಣಗಿಕೊಂಡು ಒಳಗೆ ಹೋದರು.

ಆಮೇಲೆ ಆ ಬರದ ವರ್ಷಗಳು ಬಂದವು. ಚೆನ್ನೈಯಲ್ಲಿದ್ದವರಿಗೆ ಆ ಬೇಸಿಗೆಗಳನ್ನು ವರ್ಣಿಸಬೇಕಾಗಿಲ್ಲ. ನಲ್ಲಿಗಳು ಗಾಳಿ ಬಿಟ್ಟವು. ಬೀದಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಕೂತು ನೀರಿನ ಲಾರಿಗೆ ಕಾಯುತ್ತಿದ್ದವು. ಆ ಗಲ್ಲಿಯ ಬಾವಿಗಳೆಲ್ಲ ಬತ್ತಿದ್ದವು, ಇಲ್ಲವೇ ಮುಚ್ಚಿಹೋಗಿ ಮೇಲೆ ಫ್ಲಾಟುಗಳು ಎದ್ದಿದ್ದವು. ನೀರು ಉಳಿದಿದ್ದುದು ತಮ್ಮನ ಬಾವಿಯಲ್ಲಿ ಮಾತ್ರ. ಮಾಮಿ ಎಂದಿನಂತೆ ಗೋಡೆಯ ಮೇಲಿನಿಂದ ಕೊಡ ಇಸಿದುಕೊಳ್ಳುತ್ತಿದ್ದರು. ಮನೆಯ ಕಾಫಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಸೀನಿಯರ್ ವಿಚಾರಿಸಲಿಲ್ಲ. ವಿಚಾರಿಸಿದರೆ ಗೊತ್ತಾಗಿಬಿಡುತ್ತದೆ, ಗೊತ್ತಾದರೆ ಬಿಡಬೇಕಾಗುತ್ತದೆ ಎಂದು ನನ್ನ ಹತ್ತಿರ ಒಪ್ಪಿಕೊಂಡರು.

ಆದರೆ ಶ್ರಾದ್ಧದ ತಿಥಿ ಹತ್ತಿರ ಬಂತು. ಶ್ರಾದ್ಧದ ಅಡುಗೆಗೆ ಲಾರಿಯ ನೀರು ನಡೆಯುವುದಿಲ್ಲ. ಇಷ್ಟು ವರ್ಷ ಮಡಿಯಲ್ಲಿ ನಲ್ಲಿಯಿಂದ ಹಿಡಿದ ನೀರಿನಲ್ಲಿ ನಡೆದಿತ್ತು, ನಲ್ಲಿ ಬತ್ತಿದ ಮೇಲೆ ಬಾವಿಯಿಂದ ಸೇದಿದ ನೀರೇ ಆಗಬೇಕು. ಗೋಡೆಯ ಮೇಲಿಂದ ಇಸಿದುಕೊಂಡರಾಯಿತು ಎಂದು ಮಾಮಿ ಅಂದರೆ ಇವರು ಒಪ್ಪಲಿಲ್ಲ. ಕಾಫಿ ಬೇರೆ, ಇದು ಬೇರೆ. ತನ್ನದಲ್ಲದ ನೀರಿನಲ್ಲಿ ಅಪ್ಪನಿಗೆ ಅಡುಗೆ ಮಾಡುವುದು ಹೇಗೆ? ಹೋಗಿ ತಮ್ಮನನ್ನು ಕೇಳೋಣವೆಂದರೆ ಕೇಳಕೂಡದು ಎಂದು ತಾವೇ ಬರೆದಿದ್ದಾರೆ. ಕೋರ್ಟಿನಲ್ಲಿ ಬೇರೆಯವರ ಸಮಸ್ತವನ್ನು ಅಳತೆಗೆ ಕತ್ತರಿಸಿಕೊಟ್ಟವರು ತಮ್ಮದರ ಎದುರು ಕೈಚೆಲ್ಲಿ ಕೂತರು. ಅಳತೆ ತೆಗೆಯಲು ಅದರಲ್ಲಿ ಪೀಠಿಕೆಯೇ ಇರಲಿಲ್ಲ. ಊಟ ಸರಿಯಾಗಿ ಸೇರುತ್ತಿರಲಿಲ್ಲ. ಆ ವಾರ ಕೋರ್ಟಿಗೆ ಬಂದಾಗ ಕೊರಳಪಟ್ಟಿ ಯಾವ ವಾಸನೆಯನ್ನೂ ಸೂಸುತ್ತಿರಲಿಲ್ಲ, ಅದನ್ನು ಕಂಡು ನನಗೆ ನಿಜಕ್ಕೂ ದಿಗಿಲಾಯಿತು.

ಕೊನೆಗೆ ಒಂದು ಸಂಜೆ ನನ್ನನ್ನು ಕರೆದು, ನೀನು ಹೋಗಿ ಮಾತಾಡಿ ಬಾ ಎಂದರು. ನಾನು ಕೇಳಿದೆ ಅಂತ ಹೇಳಬೇಡ, ನನ್ನ ಹಕ್ಕು ಅಂತಲೂ ಹೇಳಬೇಡ, ಯಾರ ಹಕ್ಕಿಗೂ ಧಕ್ಕೆಯಾಗದ ವಿದೌಟ್ ಪ್ರೆಜುಡಿಸ್ ಮಾತು ಎಂದರು.

ಪಕ್ಕದ ಬಾಗಿಲಿಗೆ ಹೋಗಲು ನಾನು ಕರಿಕೋಟು ಹಾಕಿಕೊಳ್ಳಲಿಲ್ಲ, ಅಷ್ಟೇ ಕಡಿಮೆ. ತಮ್ಮ ಬಹಳ ಮರ್ಯಾದೆಯಿಂದ ಕೂರಿಸಿ ಕಾಫಿ ಕೊಡಿಸಿದರು. ವಿಷಯ ಕೇಳಿ ಒಳಗಿಂದ ತಮ್ಮ ಪ್ರತಿಯನ್ನು ತಂದರು. ಮಾಸದಿರಲೆಂದು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದರು.

“ನೀರು ಕೊಡಕ್ಕೆ ನಂಗೇನಮ್ಮಾ ಕಷ್ಟ? ಅವ್ನು ಕೇಳ್ಬೇಕು ತಾನೇ? ಕೇಳಕೂಡದು ಅಂತ ಅವ್ನೇ ಬರ್ದಿದಾನೆ, ನೋಡು.”

ನೋಡಿದೆ. ವಾಕ್ಯ ಎಲ್ಲಿಯೂ ಸಡಿಲವಿರಲಿಲ್ಲ. ಕಾಫಿ ಲೋಟ ತಿರುವುತ್ತ ಕೂತೆ. ಹಿತ್ತಲಲ್ಲಿ ವಾರಗಿತ್ತಿಯರ ಮಾತು ಕೇಳಿಸುತ್ತಿತ್ತು. ಸೈನ್ ಹಾಕಲಿಲ್ಲವಲ್ಲ ಎಂದು ಮಾಮಿ ಹೇಳಿದ್ದು ಆಗ ನೆನಪಾಯಿತು.

“ಸಾರ್, ಬಾವಿ ತೋಡಿಸಿದ್ದು ಯಾರು?”

“ನಮ್ಮಪ್ಪ.”

“ಇದರಲ್ಲಿ ಅವರ ಸಹಿ ಇದ್ಯಾ?”

ಅವರು ಲ್ಯಾಮಿನೇಷನ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು, ಇಲ್ಲವೆಂದು ಗೊತ್ತಿದ್ದರೂ. “ಅಪ್ಪ ಹೋದ್ಮೇಲೆ ಬರ್ದಿದ್ದು” ಎಂದರು.

“ಹಾಗಾದ್ರೆ ಬಿಟ್ಟುಕೊಟ್ಟಿರೋದು ಅಣ್ಣ, ಅಪ್ಪ ಅಲ್ಲ. ಈಗ ನೀರು ಬೇಕಾಗಿರೋದು ಅಪ್ಪನಿಗೆ ಸಾರ್.”

ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ, ಇದು ಅವನ ಪಾಯಿಂಟಾ ನಿನ್ನದಾ ಎಂದು ಕೇಳಿದರು. ನನ್ನದು ಎಂದೆ. ಅದೇ ಅಂದುಕೊಂಡೆ ಎಂದರು. ನಾನು ಎದ್ದು ಬಂದೆ. ಸೀನಿಯರಿಗೆ ಹೇಳಿದರೆ ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದರು. ಪಾಯಿಂಟು ಚೆನ್ನಾಗಿದೆ, ಆದರೆ ಹೈಕೋರ್ಟಿನಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ, ಸತ್ತವರಿಗೆ ಬಾವಿಯ ಮೇಲೆ ಹಕ್ಕಿಲ್ಲ ಎಂದರು.

ತಿಥಿಯ ದಿನ ಬೆಳಿಗ್ಗೆ ಮಾಮಿ ಬರಹೇಳಿದ್ದರಿಂದ ನಾನು ಜಗುಲಿಯಲ್ಲಿದ್ದೆ. ಪಕ್ಕದ ಬಾಗಿಲು ತೆರೆಯಿತು. ತಮ್ಮ ಒದ್ದೆ ಪಂಚೆಯಲ್ಲಿ, ತಾಮ್ರದ ಕೊಡ ಹೆಗಲ ಮೇಲಿಟ್ಟುಕೊಂಡು, ಬೀದಿಗಿಳಿದು ಈಚೆಯ ಮೆಟ್ಟಿಲ ಹತ್ತಿರ ಬಂದು ನಿಂತರು. ಲಾರಿಗೆ ಕಾಯುತ್ತಿದ್ದ ಹೆಂಗಸರೆಲ್ಲ ಕೊಡ ಬಿಟ್ಟು ನೋಡತೊಡಗಿದರು. ಸೀನಿಯರ್ ಹೊಸ್ತಿಲಿಗೆ ಬಂದರು. ಇಷ್ಟು ವರ್ಷದ ಮೇಲೆ ತಮ್ಮನಿಗೆ ಏನು ಹೇಳುತ್ತಾರೋ ಎಂದು ನಾನು ಎದ್ದು ನಿಂತೆ.

“ವಿದೌಟ್ ಪ್ರೆಜುಡಿಸ್ ತಾನೇ?” ಎಂದರು.

“ಅಪ್ಪನಿಗೆ ತಂದೆ. ನಿಂಗಲ್ಲ” ಎಂದರು ತಮ್ಮ.

“ಸರಿ. ಒಳಗೆ ಇಡು.”

ಆಚಾರ್ಯರು ಆಗಲೇ ಪಂಚೆ ಎತ್ತಿ ಹಿಡಿದು ಓಡಲು ಸಿದ್ಧರಾಗಿದ್ದರು. ಅವರಿಗೂ ವಯಸ್ಸಾಗಿತ್ತು. ನೀರಿಗೆ ಇಷ್ಟು ಕಷ್ಟವಿರುವಾಗ ಎರಡು ಅಡುಗೆ ಯಾಕೆ, ಸಂಕಲ್ಪ ಎರಡಿರಲಿ ಅಡುಗೆ ಒಂದಿರಲಿ ಎಂದು ತೀರ್ಪು ಕೊಟ್ಟರು. ಅದಕ್ಕೆ ಶಾಸ್ತ್ರದಲ್ಲಿ ಆಧಾರವಿದೆಯೇ ಎಂದು ಸೀನಿಯರ್ ಕೇಳಲಿಲ್ಲ. ಅಂದು ಕಾಗೆಗೂ ಯೋಚನೆ ಮಾಡುವ ಕೆಲಸವಿರಲಿಲ್ಲ.

ಕೆಲವು ದಿನ ಕಳೆದು ಇಬ್ಬರೂ ತಂಬುಚೆಟ್ಟಿ ಬೀದಿಯ ಕೋಣೆಗೆ ಒಟ್ಟಿಗೆ ಬಂದರು. ಹಳೆಯ ಪತ್ರವನ್ನು ತಿದ್ದಿ ಹೊಸದು ಮಾಡಬೇಕು, ನೀನೇ ಬರೆಯಬೇಕು ಎಂದರು. ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದೆ. ಕಲಿಸಿದವರ ಎದುರಿಗೇ ಕೂತು, ಜಗಳ ಮೊದಲು ಬರೆಯಬೇಕು, ಯಾತಕ್ಕೆ ಶುರುವಾಯಿತು ಹೇಳಿ ಎಂದು ಕೇಳಿದೆ. ಆ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

ಜಗಳ ಒಂದು ರೇಡಿಯೊದ್ದು. ಅಪ್ಪ ಹಾಸಿಗೆ ಹಿಡಿದಿದ್ದಾಗ ಅವರಿಗೆ ರೇಡಿಯೊ ಒಂದೇ ಜೊತೆ. ಅದನ್ನು ತಮ್ಮ ಬಿಚ್ಚಿ ಹಾಕಿ ಮತ್ತೆ ಜೋಡಿಸಲಾರದೆ ಹೋದ, ಅಪ್ಪ ಕೊನೆಯ ದಿನಗಳಲ್ಲಿ ಹಾಡು ಕೇಳದೆ ಹೋದರು ಎಂದರು ಅಣ್ಣ. ಅದು ಮೊದಲೇ ಕೆಟ್ಟಿತ್ತು, ಇವನು ಅದರ ಮೇಲೆ ಕಾಫಿ ಚೆಲ್ಲಿದ್ದ, ಸರಿಮಾಡೋಣ ಅಂತ ನಾನು ಬಿಚ್ಚಿದ್ದು ಎಂದರು ತಮ್ಮ. ಕಾಫಿ ಚೆಲ್ಲಿದ್ದನ್ನು ನೀನು ನೋಡಿದೆಯಾ ಎಂದು ಅಣ್ಣ ಸಾಕ್ಷಿ ವಿಚಾರಣೆಗೆ ಇಳಿದರು. ತಮ್ಮ ಎದ್ದು ನಿಂತರು. ಝೆರಾಕ್ಸ್ ಅಂಗಡಿಯವರು ಮೇಲೆ ಬಂದು ನೋಡಿಕೊಂಡು ಹೋದರು. ಅಂದು ಪೀಠಿಕೆ ಮುಗಿಯಲಿಲ್ಲ. ಮುಂದಿನ ಸಲವೂ ಮುಗಿಯಲಿಲ್ಲ. ಆಮೇಲೆ ಆ ಚರ್ಚೆ ಅವರ ಜಗುಲಿಗೆ ವರ್ಗವಾಯಿತು. ಸಂಜೆಯಾದರೆ ಇಬ್ಬರೂ ಕೂತು ರೇಡಿಯೊ ಕೆಡಿಸಿದ್ದು ಯಾರು ಎಂದು ವಾದಿಸುತ್ತಿದ್ದರು, ಮಧ್ಯೆ ಮಾಮಿ ಬಜ್ಜಿ ತಂದಿಡುತ್ತಿದ್ದರು. ಹೊಸ ಪತ್ರ ಆಗಲೇ ಇಲ್ಲ. ಪೀಠಿಕೆಗೆ ಇಬ್ಬರೂ ಒಪ್ಪಿದರಲ್ಲವೇ ಆಗುವುದು.

ಸಂತಾಪಸಭೆ ಮುಗಿದ ವಾರ ತಮ್ಮ ಒಬ್ಬರೇ ಮಹಡಿ ಹತ್ತಿ ಬಂದರು. ಆ ಕೋಣೆ ಈಗ ನನ್ನದು, ಬೆಂಚು ಅದೇ. ಅದರ ಒಂದು ತುದಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕುಳಿತರು. ಆ ಕರಡು ಇಟ್ಟಿದ್ದೀಯಾ ಎಂದು ಕೇಳಿದರು. ಇಟ್ಟಿದ್ದೆ. ಪೀಠಿಕೆ ಮುಗಿಸಿಬಿಡು ಎಂದರು. ಒಬ್ಬ ಪಾರ್ಟಿ ಇಲ್ಲದ ಮೇಲೆ ರಾಜಿಪತ್ರ ಆಗುವುದಿಲ್ಲ ಎಂದು ಮೆಲ್ಲಗೆ ಹೇಳಿದೆ.

“ಗೊತ್ತಮ್ಮಾ. ಅಪ್ಪ ಇಲ್ದಿದ್ರೂ ಅವ್ರ ಪರವಾಗಿ ನೀನು ಬಂದೆ ತಾನೇ? ಬರಿ. ಅಣ್ಣ ಹೇಳಿದ್ದೇ ಬರಿ. ರೇಡಿಯೊ ಕೆಡಿಸಿದ್ದು ನಾನೇ ಅಂತ.”

ಬರೆದೆ. ನಮ್ಮ ಕೋಣೆಯ ಪದ್ಧತಿಯಂತೆ ಗಟ್ಟಿಯಾಗಿ ಓದಿದೆ. ಅವರು ಕಿವಿಯ ಯಂತ್ರ ಸರಿಮಾಡಿಕೊಂಡು ಕೊನೆಯವರೆಗೂ ಕೇಳಿದರು. ಪೆನ್ನು ತೆಗೆದರು. ಸಹಿ ಹಾಕಲು ಬಗ್ಗಿದವರು ತಡೆದು ಪಕ್ಕದ ಖಾಲಿ ಜಾಗದ ಕಡೆ ಒಂದು ಸಲ ನೋಡಿದರು.

“ಆದ್ರೆ ಅದು ಮೊದ್ಲೇ ಕೆಟ್ಟಿತ್ತಮ್ಮಾ” ಎಂದರು. “ಅದನ್ನೂ ಬರಿ.”